ಪಾಸ್‌ವರ್ಡಪ್ಪನ ಹತ್ತು ದಿನದ ರಜೆ

ಆ ದಿನದ ಎಡವಟ್ಟಿಗೆಲ್ಲ ಮೂಲ ಒಂದು ಟಿಕ್ ಗುರುತು. ಕಂಪ್ಯೂಟರಿನ ಪರದೆಯಲ್ಲಿ, ಶರ್ಟಿನ ಗುಂಡಿಗಿಂತ ಚಿಕ್ಕದಾದ ಒಂದು ಚೌಕದೊಳಗೆ, ಪಾಸ್‌ವರ್ಡಪ್ಪ ಅದನ್ನು ಕೈಯಾರೆ ಹಾಕಿದ. ಹಾಕಿ, ಕುರ್ಚಿಗೆ ಒರಗಿ, ಎರಡು ಕೈಯನ್ನೂ ತಲೆಯ ಹಿಂದೆ ಕಟ್ಟಿಕೊಂಡ. ಗೆದ್ದವರು ಹೀಗೇ ಕೂರುತ್ತಾರೆ ಎಂದು ಅವನ ನಂಬಿಕೆ.

ಹೆತ್ತವರು ಅವನಿಗೆ ಬೇರೆ ಹೆಸರು ಇಟ್ಟಿದ್ದರು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವನು ಕೆಲಸ ಮಾಡುತ್ತಿದ್ದ ಕೊಡೆ ಕಂಪನಿಯಲ್ಲಿ ಬಟ್ಟೆ ಕತ್ತರಿಸುವ ಯಂತ್ರಕ್ಕೊಂದು ಪಾಸ್‌ವರ್ಡು, ವಿಳಾಸದ ಚೀಟಿ ಮುದ್ರಿಸುವ ಯಂತ್ರಕ್ಕೊಂದು, ಗೋದಾಮಿನ ತೂಕದ ಯಂತ್ರಕ್ಕೊಂದು, ಹೀಗೆ ಇನ್ನೂರಕ್ಕೂ ಹೆಚ್ಚು ಪಾಸ್‌ವರ್ಡುಗಳಿದ್ದವು. ಅಷ್ಟನ್ನೂ ಬಚ್ಚಿಟ್ಟ ಸಾಫ್ಟ್‌ವೇರಿಗೆ ಅಲ್ಲಿಯವರು ತಿಜೋರಿ ಎನ್ನುತ್ತಿದ್ದರು. ತಿಜೋರಿಯನ್ನು ತೆರೆಯಬಲ್ಲವನು ಇವನೊಬ್ಬನೇ. ಆದ್ದರಿಂದ ಯಾರಿಗೆ ಏನು ಬೇಕಾದರೂ ಇವನಿಗೇ ಫೋನು. ಊಟಕ್ಕೆ ಕೂತರೆ ಫೋನು, ಸ್ನಾನಕ್ಕೆ ಹೋದರೆ ಫೋನು. ಪಾಸ್‌ವರ್ಡಪ್ಪ ಎಂಬ ಹೆಸರು ಬಂದದ್ದು ಹೀಗೆ.

ಇದರಿಂದಾಗಿ ಅವನು ಮೂರು ಸಲ ರಜೆ ತೆಗೆದುಕೊಂಡು ಮೂರು ಸಲವೂ ಹೋಗಿರಲಿಲ್ಲ. ಮೂರು ಸಲವೂ ಹೋಗಬೇಕಿದ್ದದ್ದು ಸಮುದ್ರ ನೋಡಲಿಕ್ಕೆ. ನಾಲ್ಕನೇ ಕ್ಲಾಸಿನ ಮಗಳು 'ನಾನು ಕಂಡ ಸಮುದ್ರ' ಎಂಬ ಪ್ರಬಂಧವನ್ನು ಮೂರು ವರ್ಷ ಕಾಣದೆಯೇ ಬರೆದಿದ್ದಳು.

"ಅಪ್ಪಾ, ಈ ಸಲನಾದ್ರೂ ನೋಡ್ಕೊಂಡು ಬಂದು ಬರಿ ಅಂದಿದ್ದಾರೆ ಟೀಚರ್," ಎಂದು ಅವಳು ಅಂದು ಬೆಳಿಗ್ಗೆ ಹೇಳಿದಳು. "ಹೋದ್ಸಲ ಸಮುದ್ರಕ್ಕೆ ನೀರು ಬಿಡೋಕೆ ದೊಡ್ಡ ನಲ್ಲಿ ಇದೆ ಅಂತ ಬರ್ದಿದ್ದೆ. ಎಲ್ರೂ ನಕ್ಬಿಟ್ರು."

"ಈ ಸಲ ನಲ್ಲಿ ಇದ್ಯೋ ಇಲ್ವೋ ಇಬ್ರೂ ಸೇರಿ ನೋಡೋಣ ಬಿಡು," ಎಂದ ಪಾಸ್‌ವರ್ಡಪ್ಪ.

ಹೆಂಡತಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಬಟ್ಟೆಯ ನಡುವೆ ಒಂದು ಉಣ್ಣೆಯ ಶಾಲು, ಮಂಡಿಗೆ ಹಚ್ಚುವ ಎಣ್ಣೆಯ ಬಾಟಲಿ ಹೋದದ್ದು ಅವನ ಕಣ್ಣಿಗೆ ಬಿತ್ತು. ಅವನು ಕರಗಿಹೋದ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯುತ್ತದೆಂದು ಅವನು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೂ ತಿಳಿದುಕೊಳ್ಳುವವಳಿಗೇ ಹೆಂಡತಿ ಅನ್ನುವುದು ಎಂದುಕೊಂಡ.

"ಮೂರು ಟಿಕೆಟ್ ತಾನೆ? ತೋರ್ಸು ನೋಡೋಣ."

"ಮೂರೇ. ನನ್ನ ಬ್ಯಾಗಲ್ಲಿ ಭದ್ರವಾಗಿದೆ. ನೀವು ಹೊರಡಿ," ಎಂದಳು ಅವಳು ತಲೆಯೆತ್ತದೆ. "ಐದೂಕಾಲಿಗೆ ಟ್ಯಾಕ್ಸಿ ತಗೊಂಡು ನಿಮ್ಮ ಆಫೀಸ್ ಗೇಟಿಗೇ ಬರ್ತೀವಿ. ಆರೂವರೆಗೆ ರೈಲು. ಬಂದ್ರೆ ಬನ್ನಿ."

"ಬಂದ್ರೆ ಅಂದ್ರೆ ಏನರ್ಥ? ಐದೂಕಾಲಿಗೆ ಗೇಟಲ್ಲಿ ನಿಂತಿರ್ತೀನಿ. ಬರೆದಿಟ್ಕೋ."

ಅವಳು ಬರೆದಿಟ್ಟುಕೊಳ್ಳಲಿಲ್ಲ. ಸೂಟ್‌ಕೇಸಿನ ಜಿಪ್ಪು ಎಳೆದಳು.

ರಜೆಗೆ ಸಾಹೇಬರು ಒಂದು ಷರತ್ತು ಹಾಕಿದ್ದರು. ಸಾಹೇಬರೆಂದರೆ ಕಂಪನಿಯ ಮ್ಯಾನೇಜರು. "ನೀವಿಲ್ದೆ ಹತ್ತು ದಿನ ಆಫೀಸು ನಡೆಯತ್ತೆ ಅಂತ ನನಗೆ ತೋರಿಸಿಕೊಡಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ," ಎಂದಿದ್ದರು. ಪಾಸ್‌ವರ್ಡಪ್ಪನಿಗೆ ಉಪಾಯ ಆಗಲೇ ಹೊಳೆದಿತ್ತು.

ಕಚೇರಿಯವರೆಲ್ಲರ ಗುರುತು ಹೊರಗಿನ ಒಂದು ಕಂಪನಿಯ ವಶದಲ್ಲಿತ್ತು. ಗುರುತಿನ ಸೇವೆ ಎಂದು ಅದರ ಹೆಸರು. ಬೆಳಿಗ್ಗೆ ಗೇಟಿನಲ್ಲಿ ಕಾರ್ಡು ತೋರಿಸಿದರೆ 'ಹೌದು, ಇವರು ನಿಮ್ಮವರೇ' ಎಂದು ಗೇಟಿಗೆ ಹೇಳುವುದು ಅದೇ. ಕಂಪ್ಯೂಟರು ತೆರೆಯುವಾಗ ಹೇಳುವುದೂ ಅದೇ. ತಿಜೋರಿಯನ್ನೂ ಅದಕ್ಕೆ ಗಂಟುಹಾಕಿಬಿಟ್ಟರೆ ಮುಗಿಯಿತು. ಗೋದಾಮಿನವರು ತಮ್ಮ ಕಾರ್ಡಿನ ಗುರುತಿನಲ್ಲೇ ತಿಜೋರಿಯೊಳಗೆ ಬಂದು ತಮಗೆ ಬೇಕಾದ ಪಾಸ್‌ವರ್ಡನ್ನು ತಾವೇ ನೋಡಿಕೊಳ್ಳಬಹುದು, ಮುದ್ರಣದವರು ತಮ್ಮದನ್ನು. ನಡುವೆ ಪಾಸ್‌ವರ್ಡಪ್ಪನ ಕೆಲಸವಿಲ್ಲ.

"ಎರಡು ಗಂಟೆ ಕೆಲಸ ಸಾರ್," ಎಂದಿದ್ದ ಸಾಹೇಬರಿಗೆ. "ಹನ್ನೊಂದೂವರೆಗೆ ಮುಗಿಸಿ ಮಿಕ್ಕ ಹೊತ್ತು ಪೇಪರ್ ಓದ್ತಾ ಕೂತಿರ್ತೀನಿ."

ಗುರುತಿನ ಸೇವೆ ಹಾಜರಿ ಪುಸ್ತಕದ ಜೊತೆಗೂ ಮಾತಾಡುತ್ತಿತ್ತು. ಹೋದ ವರ್ಷ, ರಜೆಯಲ್ಲಿದ್ದ ಲಾರಿ ಡ್ರೈವರನ ಕಾರ್ಡು ಹಿಡಿದು ಅವನ ಭಾವಮೈದ ಹದಿನೈದು ದಿನ ಒಳಗೆ ಬಂದು, ಕ್ಯಾಂಟೀನಿನಲ್ಲಿ ಉಂಡು, ಅತಿಥಿಗಳ ಸೋಫಾದ ಮೇಲೆ ನಿದ್ದೆ ತೆಗೆದು ಹೋಗಿದ್ದ. ಅದು ಬಯಲಾದ ದಿನ ಹಾಜರಿ ಮೇಡಂ ಕೆಂಡವಾದರು. ಅವರ ಕೋಪಕ್ಕೆ ತಕ್ಕ ಕಟ್ಟುನಿಟ್ಟನ್ನು ಒಂದೇ ವಾರದಲ್ಲಿ ಯಂತ್ರಕ್ಕೆ ಕಲಿಸಿಕೊಟ್ಟವನು ಪಾಸ್‌ವರ್ಡಪ್ಪ. ರಜೆ ಶುರುವಾದ ಕ್ಷಣಕ್ಕೆ ಆ ಮನುಷ್ಯನ ಗುರುತು ಮಲಗಿಬಿಡಬೇಕು. ಬೇಕೆಂದಾಗ ರದ್ದು ಮಾಡಿ ಮತ್ತೆ ಪಡೆಯುವ ಆಟ ನಡೆಯಬಾರದೆಂದು, ಒಮ್ಮೆ ರದ್ದಾದ ರಜೆ ಆ ತಿಂಗಳು ಮತ್ತೆ ಸಿಗಬಾರದು. ಸಾಹೇಬರು ಆಗ ಎಲ್ಲರೆದುರು ಅವನ ಬೆನ್ನು ತಟ್ಟಿದ್ದರು. ಅದು ಅವನಿಗೆ ಈಗಲೂ ಆಗಾಗ ನೆನಪಾಗುತ್ತಿತ್ತು, ಬೆನ್ನು ತಟ್ಟಿದ್ದಷ್ಟೇ.

ಒಂಬತ್ತೂವರೆಗೆ ಕೆಲಸ ಶುರುವಾಯಿತು. ತಿಜೋರಿಯಿಂದ ಗುರುತಿನ ಸೇವೆಯ ಮುಖ್ಯ ಪಾಸ್‌ವರ್ಡು ತೆಗೆದು ಅದರ ಒಳಮನೆಗೆ, ಅಂದರೆ ಏರ್ಪಾಡುಗಳನ್ನು ಬದಲಿಸುವ ಪುಟಕ್ಕೆ, ಹೋದ. ಅಲ್ಲಿ ಒಂದು ಪ್ರಶ್ನೆ ಎದುರಾಯಿತು: ಬಂದವರು ಯಾರೆಂದು ತಿಜೋರಿಯ ಪರವಾಗಿ ನಮ್ಮನ್ನು ಕೇಳುವವರು ಯಾರು? ಇದಕ್ಕೆ ತಿಜೋರಿಯದ್ದೇ ಆದ ಹೊಸ ಖಾತೆಯೊಂದನ್ನು ಮಾಡಿಸಬೇಕಿತ್ತು. ಮಾಡಿಸಲು ಹಾಜರಿ ಮೇಡಂ ಬಳಿ ಅರ್ಜಿ, ಮೂರು ಸಹಿ, ಮೂರು ದಿನ. ಪಾಸ್‌ವರ್ಡಪ್ಪ ಗಡಿಯಾರ ನೋಡಿದ. ಆ ಜಾಗದಲ್ಲಿ ತನ್ನ ಹೆಸರನ್ನೇ ಬರೆದ. ಯಾರು ಕೇಳಿದರೇನು, ಕೇಳಿದರಾಯಿತು.

ಹತ್ತು ನಿಮಿಷದಲ್ಲಿ ಎರಡರ ನಡುವೆ ಕೊಂಡಿ ಬಿತ್ತು. ಇನ್ನು ತಿಜೋರಿಯ ಹಳೆಯ ಬಾಗಿಲು, ಅಂದರೆ ಅವನು ಇಷ್ಟು ವರ್ಷ ಒಳಗೆ ಹೋಗುತ್ತಿದ್ದ ದಾರಿ. ಹೊಸ ಬಾಗಿಲು ಬಂದ ಮೇಲೆ ಹಳೆಯದು ಯಾಕೆ, ಕಳ್ಳರಿಗೆ ಅನುಕೂಲ ಅಷ್ಟೆ. ಪರೀಕ್ಷೆ ಆಮೇಲೆ ಮಾಡಿದರಾಯಿತು. 'ಹಳೆಯ ಬಾಗಿಲು ಮುಚ್ಚಿ' ಎಂಬ ಚೌಕದಲ್ಲಿ ಟಿಕ್ ಹಾಕಿದ. ತಲೆಯ ಹಿಂದೆ ಕೈ ಕಟ್ಟಿಕೊಂಡು ಕೂತದ್ದು ಆಗಲೇ.

ಒಂದು ಲೋಟ ಟೀ ಕುಡಿದು ಬಂದು ಹೊಸ ಬಾಗಿಲನ್ನು ತಟ್ಟಿದ. ತಿಜೋರಿ ಅವನನ್ನು ಗುರುತಿನ ಸೇವೆಗೆ ಕಳಿಸಿತು. ಗುರುತಿನ ಸೇವೆ ಅವನನ್ನು ಗುರುತಿಸಿ, ಹೆಸರು ಹಿಡಿದು ಸ್ವಾಗತ ಕೋರಿ, ಪಕ್ಕದ ಮೇಜಿನ ಮೇಲಿದ್ದ ಹಳೇ ಕಂಪ್ಯೂಟರಿಗೆ ಕಳಿಸಿತು. ಹೋದ ವಾರ ಆ ಕಂಪ್ಯೂಟರಿನಲ್ಲಿ ತಾಲೀಮು ಮಾಡಿದ್ದ. ವಾಪಸು ಕಳಿಸಬೇಕಾದ ವಿಳಾಸದ ಜಾಗದಲ್ಲಿ ಇನ್ನೂ ಅದೇ ಕೂತಿತ್ತು. ಮತ್ತೆ ತಟ್ಟಿದ. ಮತ್ತೆ ಸ್ವಾಗತ, ಮತ್ತೆ ಪಕ್ಕದ ಮೇಜು.

ವಿಳಾಸ ಸರಿಪಡಿಸುವುದೇನು ಮಹಾ ಎಂದು ಗುರುತಿನ ಸೇವೆಯ ಒಳಮನೆಗೆ ಹೊರಟ. ಟೀ ಕುಡಿಯಲು ಹೋದಾಗ ಅದು ತಾನಾಗಿ ಮುಚ್ಚಿಕೊಂಡಿತ್ತು. ಮತ್ತೆ ಮುಖ್ಯ ಪಾಸ್‌ವರ್ಡು ಕೇಳಿತು. ಪಾಸ್‌ವರ್ಡು ತಿಜೋರಿಯಲ್ಲಿತ್ತು. ತಿಜೋರಿ ಗುರುತಿನ ಸೇವೆಯನ್ನು ಕೇಳಿ ಎನ್ನುತ್ತಿತ್ತು. ಪಾಸ್‌ವರ್ಡಪ್ಪ ಆಗ ತಲೆಯ ಹಿಂದೆ ಕಟ್ಟಿದ್ದ ಕೈಗಳನ್ನು ಈಗ ತಲೆಯ ಮೇಲಿಟ್ಟುಕೊಂಡ.

ಅಷ್ಟರಲ್ಲಿ ಸಾಹೇಬರು ಬಾಗಿಲಲ್ಲಿ ಇಣುಕಿದರು. "ಎಲ್ಲಿಗೆ ಬಂತು?"

"ಮುಗಿದ ಹಾಗೇ ಸಾರ್. ಸ್ವಲ್ಪ ಒರೆಸೋದು ಬಾಕಿ."

"ಐದು ಗಂಟೆಗೆ ನಾನೇ ಕೂತು ನೋಡ್ತೀನಿ. ಆಗಿಲ್ಲ ಅಂದ್ರೆ ರಜೆ ಮಾತಿಲ್ಲ, ಆಯ್ತಾ?"

"ಐದು ಯಾಕೆ ಸಾರ್, ನಾಲ್ಕಕ್ಕೇ ಬನ್ನಿ," ಎಂದ ಪಾಸ್‌ವರ್ಡಪ್ಪ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಆದರೆ ಅವನೇನೂ ಎದೆಗುಂದುವವನಲ್ಲ. ಇಂಥ ಗಳಿಗೆಗೆಂದೇ ತಿಜೋರಿಗೆ ಒಂದು ಮಹಾಕೀಲಿ ಇತ್ತು. ಉದ್ದನೆಯ ಅಕ್ಷರಗಳ ಸಾಲು. ಅದು ಒಬ್ಬರ ಕೈಯಲ್ಲೇ ಇರಬಾರದೆಂದು ಐದು ತುಣುಕು ಮಾಡಿ, ಐದು ಲಕೋಟೆಯಲ್ಲಿಟ್ಟು, ಮೂರು ವರ್ಷದ ಹಿಂದೆ ಐದು ಜನರಿಗೆ ಹಂಚಿದ್ದ. ಯಾವ ಮೂರು ತುಣುಕು ಕೂಡಿದರೂ ತಿಜೋರಿ ತೆರೆಯುತ್ತದೆ. ಒಂದು ಸಾಹೇಬರ ಬಳಿ. ಅದನ್ನು ಕೇಳುವುದೂ ರಜೆಯನ್ನು ಕೈಯಾರೆ ಹರಿದುಹಾಕುವುದೂ ಒಂದೇ. ಇನ್ನೊಂದು ಅವನದ್ದೇ. ಅದನ್ನು ಎಲ್ಲಿಟ್ಟೆ ಎಂದು ನೆನಪು ಮಾಡಿಕೊಂಡ. ಕಳೆದುಹೋಗಬಾರದೆಂದು ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಇಟ್ಟಿದ್ದ. ತಿಜೋರಿಯ ಒಳಗೆ.

ಉಳಿದದ್ದು ಮೂರು. ಹಾಜರಿ ಮೇಡಂ, ಗೋದಾಮಿನ ಯಜಮಾನರು, ನಿವೃತ್ತರಾದ ಮಾದರಿ ಮೇಷ್ಟ್ರು. ಬೇಕಾದದ್ದೂ ಮೂರು. ಲೆಕ್ಕ ಸರಿಯಾಗಿದೆ ಎಂದು ಎದ್ದ.

ಹಾಜರಿ ಮೇಡಂ ಲಕೋಟೆಯನ್ನು ಕಡತದಲ್ಲಿ, ಕಡತವನ್ನು ಪೆಟ್ಟಿಗೆಯಲ್ಲಿ, ಪೆಟ್ಟಿಗೆಯನ್ನು ಬೀರುವಿನಲ್ಲಿ ಇಟ್ಟಿದ್ದರು. ಮೂರು ವರ್ಷದಲ್ಲಿ ಅದಕ್ಕೆ ಧೂಳು ಕೂಡ ಅಂಟಿರಲಿಲ್ಲ.

"ಅರ್ಜಿ ಬರ್ಕೊಡಿ," ಎಂದರು.

"ಮೇಡಂ, ಆ ಲಕೋಟೆ ಕೊಟ್ಟವನೇ ನಾನು."

"ಕೊಟ್ಟಾಗ ನೀವು ಕೊಡೋರು. ಈಗ ಕೇಳೋರು. ಕೇಳೋರು ಅರ್ಜಿ ಬರೀಬೇಕು. ಕಾರಣ ಅಂತ ಒಂದು ಸಾಲಿದೆ, ಖಾಲಿ ಬಿಡಬೇಡಿ."

ಅವನು 'ಪರೀಕ್ಷೆಗಾಗಿ' ಎಂದು ಬರೆದ. ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ಏನಾದ್ರೂ ಕೆಟ್ಟಿದ್ಯಾ?"

"ಕೆಡೋದಾ? ನಾನಿರೋವಾಗ?"

"ಅದಕ್ಕೇ ಕೇಳ್ದೆ," ಎಂದು ಮೇಡಂ ಲಕೋಟೆ ಕೊಟ್ಟರು. ಅವನು ಬಾಗಿಲು ದಾಟುವಾಗ ಕೂಗಿ ಹೇಳಿದರು. "ನಿಮ್ಮ ರಜೆ ಸಾಮಾನ್ಯಕ್ಕೆ ನಾಳೆ ಬೆಳಿಗ್ಗೆಯಿಂದ ಶುರುವಾಗಬೇಕು. ಸಂಜೆ ಆರಕ್ಕೆ ಮುಂಚೆ ಎದ್ದು ಹೋದ್ರೆ ಅರ್ಧ ದಿನದ ಸಂಬಳ ಹೋಗತ್ತೆ. ಪಾಪ, ರೈಲಿದೆ ಅಂದ್ರಲ್ಲ, ಇವತ್ತು ಐದೂಕಾಲಿನಿಂದಲೇ ಹಾಕ್ತೀನಿ. ಸಾಹೇಬರು ಹ್ಞೂಂ ಅಂದ್ರೆ."

"ನಿಮ್ಮ ಉಪಕಾರ ಮರೆಯಲ್ಲ ಮೇಡಂ." ಮಾತಿಗೆ ಹೇಳಿದ್ದು. ನಿಜಕ್ಕೂ ಮುಂದೆಂದೂ ಮರೆಯಲಿಲ್ಲ.

ಗೋದಾಮಿನ ಯಜಮಾನರು ತೂಕದ ಯಂತ್ರದ ಪಕ್ಕದಲ್ಲಿ ಕೂತು ಕೊಡೆಗಳ ಕಟ್ಟು ಎಣಿಸುತ್ತಿದ್ದರು. ವಿಷಯ ಕೇಳಿ ಕಾಲಬುಡಕ್ಕೆ ಬೆರಳು ತೋರಿಸಿದರು. ತೂಕದ ಯಂತ್ರದ ಮೇಜಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ನಾಲ್ಕು ಮಡಿಕೆ ಮಾಡಿದ ಲಕೋಟೆ ಕೂತಿತ್ತು.

"ನೀವು ಹೇಳಿದ್ರಲ್ಲ, ಯಾವಾಗ್ಲೂ ಕಣ್ಣೆದುರಿಗೇ ಇರ್ಲಿ ಅಂತ. ಮೂರು ವರ್ಷದಿಂದ ಅದರ ಮೇಲೇ ತೂಗ್ತಿದ್ದೀನಿ. ತೆಗೆದ್ರೆ ತೂಕ ತಪ್ಪತ್ತೆ."

"ಬೇರೆ ಏನಾದ್ರೂ ಇಡೋಣ."

"ಇಡೋಣ. ಆದ್ರೆ ಅಷ್ಟೇ ದಪ್ಪ ಇರ್ಬೇಕು. ದಿನಕ್ಕೆ ಎಂಟುನೂರು ಕಟ್ಟು ತೂಗೋ ಯಂತ್ರ ಸ್ವಾಮಿ ಇದು."

ಮುಕ್ಕಾಲು ಗಂಟೆ ಅಷ್ಟೇ ದಪ್ಪದ್ದನ್ನು ಹುಡುಕಿದರು. ರಟ್ಟು ಜಾಸ್ತಿ, ಕಾಗದ ಕಮ್ಮಿ, ಚಪ್ಪಲಿಯ ಅಟ್ಟೆ ಮೆತ್ತಗೆ. ಕೊನೆಗೆ ಪಾಸ್‌ವರ್ಡಪ್ಪನ ಪರ್ಸು ಸರಿಹೊಂದಿತು. ಒಳಗಿದ್ದ ಕಾಗದಪತ್ರವನ್ನೆಲ್ಲ ಜೇಬಿಗೆ ತುಂಬಿಕೊಂಡು, ಪರ್ಸನ್ನು ಮೇಜಿನ ಕಾಲಿಗೆ ಒಪ್ಪಿಸಿ, ಲಕೋಟೆ ಎಳೆದುಕೊಂಡ. ಯಜಮಾನರು ಹತ್ತು ಕೊಡೆ ತೂಗಿ ನೋಡಿ ತಲೆಯಾಡಿಸಿದರು. "ಸರಿಯಾಗಿದೆ. ಪರ್ಸು ನಿಮಗೆ ಬೇಕಾದಾಗ ಬನ್ನಿ, ಇನ್ನೊಂದು ತಂದ್ರೆ ಕೊಡ್ತೀನಿ."

ಮಾದರಿ ಮೇಷ್ಟ್ರು ಎರಡು ಬೀದಿಯಾಚೆ ಇದ್ದರು. ಮೂವತ್ತು ವರ್ಷ ಕಂಪನಿಯ ಪ್ರತಿಯೊಂದು ಹೊಸ ಕೊಡೆಯ ಮೊದಲ ಮಾದರಿಯನ್ನು ಹೊಲಿದ ಕೈ ಅವರದು. ಊಟ ಮುಗಿಸಿ ಅಂಗೈ ಒರೆಸಿಕೊಳ್ಳುತ್ತ ಬಂದರು.

"ಆ ಚೀಟಿನಾ? ಕೊಡೆಯ ಹಿಡಿಕೆಯೊಳಗೆ ಇಟ್ಟು ತಿರುಗಿಸಿಬಿಟ್ಟಿದ್ದೀನಿ. ನನ್ನ ಕೊಡೆ, ನಾನೇ ಮಾಡಿದ ಹಿಡಿಕೆ. ದೇಹದಿಂದ ಕೈ ಬೇರೆಯಾದ್ರೂ ಕೈಯಿಂದ ಕೊಡೆ ಬೇರೆಯಾಗಲ್ಲಪ್ಪ."

"ಹೌದ್ಹೌದು," ಎಂದರು ಒಳಗಿನಿಂದ ಅವರ ಹೆಂಡತಿ. "ನಿನ್ನೆ ಹಲ್ಲಿನ ಡಾಕ್ಟರ್ ಹತ್ರ ಮರೆತು ಬಂದ್ರಲ್ಲ, ಅದು ಯಾರ ಕೈಯಿಂದ ಬೇರೆಯಾಗಿದ್ದು?"

ಮೇಷ್ಟ್ರು ಗೋಡೆ ನೋಡಿದರು. "ತುದಿಯಲ್ಲಿ ಕೆಂಪು ದಾರ ಕಟ್ಟಿದೆ," ಎಂದರು ಸಣ್ಣ ದನಿಯಲ್ಲಿ.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೂಲೆಯಲ್ಲಿ ಕೊಡೆಗಳ ಬುಟ್ಟಿಯೊಂದಿತ್ತು. ಅದರಲ್ಲಿ ಒಂಬತ್ತು ಕೊಡೆ. ಒಂಬತ್ತೂ ಕಪ್ಪು, ಒಂಬತ್ತೂ ಇವರ ಕಂಪನಿಯವೇ. ಬೇರೆ ದಿನವಾಗಿದ್ದರೆ ಪಾಸ್‌ವರ್ಡಪ್ಪ ಹೆಮ್ಮೆ ಪಡುತ್ತಿದ್ದ. ಈಗ ಬಗ್ಗಿ ಒಂದೊಂದರ ತುದಿ ಹುಡುಕತೊಡಗಿದ.

"ಏನ್ರೀ ಅದು?" ಎಂದಳು ಚೀಟಿ ಕೊಡುವ ಹೆಂಗಸು. "ನಿಮ್ಮ ಕೊಡೆ ಯಾವ್ದು?"

"ನನ್ನದಲ್ಲ. ಇನ್ನೊಬ್ಬರದು."

"ಇನ್ನೊಬ್ಬರ ಕೊಡೆ ಮುಟ್ಟಬೇಡಿ ಮತ್ತೆ. ಪೇಷೆಂಟಾ ನೀವು? ಅಲ್ದಿದ್ರೆ ಆಚೆ ನಿಲ್ಲಿ."

ಹೊರಗೆ ಹೋದರೆ ಕೊಡೆ ಹೋದಂತೆ. "ಪೇಷೆಂಟೇ," ಎಂದುಬಿಟ್ಟ. ಬುಟ್ಟಿಗೆ ಹತ್ತಿರದ ಕುರ್ಚಿಯಲ್ಲಿ ಕೂತು ಕಾಲಿನಿಂದ ಒಂದೊಂದೇ ಕೊಡೆ ಸರಿಸಿ ನೋಡುವ ಯೋಜನೆ ಹಾಕಿದ. ಮೂರು ಕೊಡೆ ನೋಡುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

"ಎಷ್ಟು ದಿನದಿಂದ ನೋವು?" ಎಂದರು ಡಾಕ್ಟರು.

"ನೋವೇನಿಲ್ಲ."

"ಎಲ್ರೂ ಹೀಗೇ ಅಂತಾರೆ. ಬಾಯಿ ತೆಗೀರಿ." ಬಾಯೊಳಗೆ ದೀಪ ಬಿಟ್ಟು ನೋಡಿದ ಡಾಕ್ಟರ ಮುಖ ಗಂಭೀರವಾಯಿತು. "ಇಂಥ ಹಲ್ಲು ಇಟ್ಕೊಂಡು ನಗ್ತಾ ಓಡಾಡ್ತಿದ್ದೀರಲ್ಲ, ಮೆಚ್ಚಬೇಕು ನಿಮ್ಮನ್ನ." ಅವನು ಏನೋ ಹೇಳಲು ಹೋದ. ಬಾಯಿ ತೆರೆದೇ ಇದ್ದದ್ದು ಅನುಕೂಲವಾಗಿ ಅವರು ಸೂಜಿ ಚುಚ್ಚಿದರು. "ಹತ್ತು ನಿಮಿಷದಲ್ಲಿ ಜೋಮು ಹಿಡಿಯತ್ತೆ. ಆಮೇಲೆ ಶುರು ಮಾಡೋಣ."

ಜೋಮು ಹಿಡಿಯಿತು. ಅರ್ಧ ಮುಖ ತನ್ನದಲ್ಲವೆನಿಸಿತು. ಕುರ್ಚಿಯಲ್ಲಿ ಮಲಗಿದ್ದರೂ ಅವನ ಕಣ್ಣು ಬಾಗಿಲ ಸಂದಿಯಿಂದ ಬುಟ್ಟಿಯ ಮೇಲೇ ಇತ್ತು. ದಪ್ಪನೆಯ ಹೆಂಗಸೊಬ್ಬರು ಬುಟ್ಟಿಗೆ ಕೈಹಾಕಿ ಒಂದು ಕೊಡೆ ಎಳೆದರು. ತುದಿಯಲ್ಲಿ ಕೆಂಪು ದಾರ.

ಪಾಸ್‌ವರ್ಡಪ್ಪ ಕತ್ತಿಗೆ ಕಟ್ಟಿದ ಬಟ್ಟೆಯ ಸಮೇತ ಹಾರಿ ಹೊರಗೆ ಬಂದ. ಕೊಡೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ಇವನ ಕೈಯಲ್ಲಿ. ಜೊಲ್ಲು ಸುರಿಯುವ ಬಾಯಿಂದ ಒಂದು ಮಾತೂ ಸರಿಯಾಗಿ ಹೊರಡಲಿಲ್ಲ. ಹಿಡಿಕೆಯನ್ನು ಗರಗರ ತಿರುಗಿಸಿದ. ಅದು ಕಳಚಿ ಬಂತು. ಒಳಗಿನ ಸುರುಳಿ ಚೀಟಿ ಜೇಬಿಗಿಳಿಸಿ, ಹಿಡಿಕೆಯನ್ನು ಮತ್ತೆ ತಿರುಗಿಸಿ, ಕೊಡೆಯನ್ನು ಬುಟ್ಟಿಗೆ ಹಾಕಿ, ಅದರ ಪಕ್ಕದಲ್ಲಿದ್ದ ಇನ್ನೊಂದು ಕೊಡೆಯನ್ನು ಆ ಹೆಂಗಸಿನ ಕೈಗೆ ಮರ್ಯಾದೆಯಿಂದ ಕೊಟ್ಟು, ಕಾಲಿಗೆ ಬುದ್ಧಿ ಹೇಳಿದ. ಅವರು ಆ ಕೊಡೆಯನ್ನು ನೋಡಿ, "ಅರೆ, ಇದೇ ನಂದು," ಎಂದದ್ದು ಅವನಿಗೆ ಕೇಳಿಸಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಮೂರು ತುಣುಕುಗಳೂ ಮೇಜಿನ ಮೇಲಿದ್ದವು. ಒಂದೊಂದೇ ಅಕ್ಷರ ಎರಡೆರಡು ಸಲ ನೋಡಿ ಬರೆದ. ಮೂರನೆಯದು ಮುಗಿದಾಗ ತಿಜೋರಿ ಮಾತಿಲ್ಲದೆ ತೆರೆದುಕೊಂಡಿತು.

ಮುಂದಿನ ಮುಕ್ಕಾಲು ಗಂಟೆ ಅವನ ಬೆರಳುಗಳು ಆಡಿದ ರೀತಿಯನ್ನು ಮೆಚ್ಚಲೇಬೇಕು. ವಾಪಸಿನ ವಿಳಾಸ ಸರಿಹೋಯಿತು. ಗೋದಾಮಿನವರಿಗೆ ಗೋದಾಮಿನದು, ಮುದ್ರಣಕ್ಕೆ ಮುದ್ರಣದ್ದು ಎಂದು ಯಾರಿಗೆ ಯಾವುದು ಕಾಣಬೇಕೋ ಅಷ್ಟನ್ನು ಹಂಚಿದ. ಬಳಸಿದ ತುಣುಕು ಮತ್ತೆ ಬಳಸಬಾರದು ಎಂಬುದು ಈ ಕಸುಬಿನ ಶಿಸ್ತು. ಹಳೆಯ ಮಹಾಕೀಲಿಯನ್ನು ರದ್ದುಮಾಡಿ ಹೊಸದನ್ನು ಮಾಡಿದ. ಅದರ ಐದು ತುಣುಕುಗಳನ್ನು ಹಂಚುವುದು ವಾಪಸು ಬಂದ ಮೇಲೆ ನಿಧಾನವಾಗಿ ಎಂದು, ಅಲ್ಲಿಯವರೆಗೆ ಭದ್ರವಾದ ಜಾಗದಲ್ಲಿ ಇಟ್ಟ. ಆ ಜಾಗ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಐದಕ್ಕೆ ಸಾಹೇಬರು ಬಂದರು. ಹಾಜರಿ ಮೇಡಂ ತಮ್ಮ ಗುರುತಿನಲ್ಲಿ ತಾವೇ ಒಳಗೆ ಹೋಗಿ ತಮ್ಮ ಪಾಸ್‌ವರ್ಡು ಕಂಡರು. ಗೋದಾಮಿನ ಯಜಮಾನರು ಎರಡು ಬೆರಳಲ್ಲಿ ಒತ್ತಿ ಒತ್ತಿ ಒಳಗೆ ಹೋಗಿ, ತೂಕದ ಯಂತ್ರದ ಪಾಸ್‌ವರ್ಡು ಕಣ್ಣಾರೆ ಕಂಡು ಖುಷಿಪಟ್ಟರು. ಕೊನೆಗೆ ಸಾಹೇಬರು ತಾವೇ ಮಾಡಿ ನೋಡಿದರು.

"ಭೇಷ್. ಇನ್ನು ನಿಮ್ಮನ್ನ ಯಾರೂ ಕೇಳಬೇಕಾಗಿಲ್ಲ ಅನ್ನಿ."

ಪಾಸ್‌ವರ್ಡಪ್ಪ ಅರ್ಧ ಬಾಯಲ್ಲಿ ನಕ್ಕ.

"ಮೇಡಂ, ಇವರ ರಜೆ ಹಾಕಿ," ಎಂದರು ಸಾಹೇಬರು. ಮೇಡಂ ಐದೂಕಾಲಿನಿಂದ ಹತ್ತು ದಿನ ಎಂದು ತುಂಬಿಸಿ ಗುಂಡಿ ಒತ್ತಿದರು.

ಮೆಟ್ಟಿಲಿಳಿಯುವಾಗ ಅವನಿಗೆ ಮಂಡಿ ನೋವೂ ಮರೆತಿತ್ತು. ಕಬ್ಬಿಣದ ಸರಳಿನ ಗೇಟಿನ ಆಚೆ ಟ್ಯಾಕ್ಸಿ ನಿಂತಿತ್ತು. ಮಗಳು ಪ್ಲಾಸ್ಟಿಕ್ ಬಕೆಟ್ಟು ಹಿಡಿದು ಇಳಿದು ಸರಳಿನ ಸಂದಿಯಿಂದ ನೋಡುತ್ತಿದ್ದಳು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವನು ಕೈಗಡಿಯಾರ ಎತ್ತಿ ತೋರಿಸಿದ. ಐದು ಹದಿನಾರು.

ಕಾರ್ಡು ತೋರಿಸಿದ. ಕೆಂಪು ದೀಪ ಹತ್ತಿತು. ಅಂಗಿಗೆ ಒರೆಸಿ ಮತ್ತೆ ತೋರಿಸಿದ. ಮತ್ತೆ ಕೆಂಪು.

ಕಾವಲುಗಾರ ತನ್ನ ಪರದೆ ನೋಡಿದ. "ನೀವು ಒಳಗಿಲ್ಲ ಸಾರ್."

"ಮತ್ತೆ ಇಲ್ಲಿ ನಿಂತಿರೋದು ಯಾರಯ್ಯಾ?"

"ಅದು ಕಾಣ್ತಿದೆ. ಆದ್ರೆ ರಜೆಯಲ್ಲಿದ್ದಾರೆ ಅಂತ ತೋರಿಸ್ತಿದೆ. ರಜೆಯಲ್ಲಿರೋರ ಕಾರ್ಡಿಗೆ ಗೇಟು ತೆಗೀಬಾರ್ದು ಅಂತ ಕಟ್ಟಪ್ಪಣೆ. ಹೋದ ವರ್ಷ ನೀವೇ ಬಂದು ಹೇಳ್ಕೊಟ್ಟಿದ್ರಿ."

ಪಾಸ್‌ವರ್ಡಪ್ಪ ಮೂರನೇ ಸಲ ಕಾರ್ಡು ಎತ್ತುವಷ್ಟರಲ್ಲಿ ಹಿಂದಿನಿಂದ ಧಡಧಡ ಹೆಜ್ಜೆ ಕೇಳಿಸಿತು. ಮುಂದೆ ಗೋದಾಮಿನ ಯಜಮಾನರು, ಹಿಂದೆ ಮುದ್ರಣದವರು, ಅವರ ಹಿಂದೆ ಹಾಜರಿ ಮೇಡಂ, ಎಲ್ಲರ ಹಿಂದೆ ಏದುಸಿರು ಬಿಡುತ್ತ ಸಾಹೇಬರು.

"ತಿಜೋರಿ ಯಾರನ್ನೂ ಒಳಗೆ ಬಿಡ್ತಿಲ್ಲ," ಎಂದರು ಸಾಹೇಬರು. "ಐದೂಕಾಲಿನವರೆಗೆ ಚೆನ್ನಾಗಿತ್ತು. ಆಮೇಲೆ ಯಾರು ಹೋದ್ರೂ ಒಂದೇ ಮಾತು. ಕೇಳುವವರ ಗುರುತು ಮಲಗಿದೆ ಅಂತೆ. ಯಾರ್ರೀ ಅದು ಕೇಳುವವರು? ನಾಳೆ ಬೆಳಿಗ್ಗೆ ಎಂಟು ಲಾರಿ ಹೊರಡಬೇಕು. ಒಂದೂ ವಿಳಾಸದ ಚೀಟಿ ಬರ್ತಿಲ್ಲ."

ಪಾಸ್‌ವರ್ಡಪ್ಪನ ಕಣ್ಮುಂದೆ ಬಂದದ್ದು ಬೆಳಿಗ್ಗೆ ಆ ಜಾಗದಲ್ಲಿ ಬರೆದ ಹೆಸರು. ಹೊಸ ಮಹಾಕೀಲಿಯ ತುಣುಕುಗಳೂ ಆ ತಿಜೋರಿಯ ಒಳಗೇ ಇದ್ದವು. ಅದೇ ಹೊತ್ತಿಗೆ ಜೋಮು ಇಳಿದು ಹಲ್ಲೂ ಎಚ್ಚರವಾಯಿತು.

"ನಾನೇ ಸಾರ್," ಎಂದ ಕೆನ್ನೆ ಹಿಡಿದುಕೊಂಡು.

ವಿಷಯ ಬಿಡಿಸಿ ಹೇಳಿದ ಮೇಲೆ ಸಾಹೇಬರಿಗೆ ಸಮಾಧಾನವಾಯಿತು. "ಅಷ್ಟೇನಾ. ಇವರ ರಜೆ ರದ್ದು ಮಾಡಿ ಮೇಡಂ. ಹತ್ತು ನಿಮಿಷದಲ್ಲಿ ಇವರ ಹೆಸರು ತೆಗೆದು ಬೇರೆಯವರದು ಹಾಕ್ಲಿ, ಆಮೇಲೆ ಮತ್ತೆ ರಜೆ ಹಾಕಿ."

"ರದ್ದು ಮಾಡ್ಬಹುದು," ಎಂದರು ಮೇಡಂ. "ಮತ್ತೆ ಹಾಕೋಕೆ ಆಗಲ್ಲ. ಈ ತಿಂಗಳು ಆ ಬಾಗಿಲು ಮುಚ್ಚಿಹೋಗತ್ತೆ. ಬೇಕಾದ್ರೆ ತೆಗೆಯೋಕೆ ಒಂದು ಗುಂಡಿ ಇಡೋಣ ಅಂದಿದ್ದೆ ನಾನು. ಇವರೇ ಬೇಡ ಅಂದ್ರು. ಒಬ್ಬರಿಗೆ ಬಿಟ್ರೆ ಎಲ್ರಿಗೂ ಬಿಡಬೇಕಾಗತ್ತೆ ಅಂದ್ರು."

ಸಾಹೇಬರು ಪಾಸ್‌ವರ್ಡಪ್ಪನನ್ನು ನೋಡಿದರು. ಪಾಸ್‌ವರ್ಡಪ್ಪ ಗೇಟನ್ನು ನೋಡಿದ. ರಜೆ ಇದ್ದರೆ ಗೇಟು ತೆರೆಯದು. ಗೇಟು ತೆರೆದರೆ ರಜೆ ಇರದು. ಎಲ್ಲ ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೇನೆ ಎಂದು ಆ ಸಂಕಟದಲ್ಲೂ ಅವನಿಗೆ ಒಂದು ಕ್ಷಣ ಅನ್ನಿಸಿತು. ಆಮೇಲೆ ಮಗಳ ಕೈಯಲ್ಲಿನ ಬಕೆಟ್ಟು ಕಣ್ಣಿಗೆ ಬಿತ್ತು.

ಮೇಡಂ ಫೋನಿನಲ್ಲೇ ರಜೆ ರದ್ದುಮಾಡುವ ಗುಂಡಿ ಒತ್ತಿದರು. ಮೇಲಿನ ಮಹಡಿಯಿಂದ ಯಾರೋ ಕೂಗಿ ಹೇಳಿದರು, ತಿಜೋರಿ ತೆರೆಯಿತೆಂದು. ಎಲ್ಲರೂ ಅತ್ತ ಓಡಿದರು. ಗೇಟಿನ ದೀಪ ಹಸಿರಾಯಿತು.

ಅವನು ಟ್ಯಾಕ್ಸಿಯ ಬಳಿ ಹೋಗಿ ತಲೆ ತಗ್ಗಿಸಿ ನಿಂತ. "ಕೇಳು, ಒಂದು ಸಣ್ಣ ತೊಂದ್ರೆ..."

"ಕೇಳಿಸ್ತು ಬಿಡಿ. ಗೇಟಿಗೆ ಕಿವಿ ಮುಚ್ಚೋ ಗೋಡೆ ಇಲ್ವಲ್ಲ," ಎಂದಳು ಹೆಂಡತಿ. ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು.

"ನನ್ನ ಟಿಕೆಟ್ ವ್ಯರ್ಥ ಆಯ್ತಲ್ಲೇ."

"ಏನೂ ವ್ಯರ್ಥ ಆಗಿಲ್ಲ."

ಟ್ಯಾಕ್ಸಿಯ ಹಿಂದಿನ ಕಿಟಕಿ ಇಳಿಯಿತು. ಉಣ್ಣೆಯ ಶಾಲು ಹೊದ್ದು, ಮಡಿಲಲ್ಲಿ ಮಂಡಿ ಎಣ್ಣೆಯ ಬಾಟಲಿ ಇಟ್ಟುಕೊಂಡು ಅತ್ತೆ ಕೂತಿದ್ದರು.

"ಚೆನ್ನಾಗಿದ್ದೀರಾ ಅಳಿಯಂದಿರೇ?" ಎಂದರು.

"ಟಿಕೆಟ್ ಒಂದು ತಿಂಗಳ ಹಿಂದೇನೇ ಅಮ್ಮನ ಹೆಸರಲ್ಲಿ ತೆಗೆದಿದ್ದೆ," ಎಂದಳು ಹೆಂಡತಿ.

"ಒಂದು ವೇಳೆ ನಾನು ಬಂದಿದ್ರೆ?"

ಅವಳು ಅವನ ಕತ್ತಿನಿಂದ ಹಲ್ಲಿನ ಡಾಕ್ಟರ ಬಟ್ಟೆಯನ್ನು ಬಿಚ್ಚಿ, ಮಡಿಸಿ ಅವನ ಜೇಬಿಗಿಟ್ಟಳು. "ಫ್ರಿಜ್ಜಲ್ಲಿ ಸಾರಿದೆ. ಬಿಸಿ ಮಾಡ್ಕೊಳ್ಳಿ," ಎಂದು ಒಳಗೆ ಕೂತಳು.

ಮಗಳು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟಳು. "ಅಪ್ಪಾ, ನಾವು ಬರೋವರೆಗೂ ಇದನ್ನ ಓದ್ಕೊಂಡಿರು. ನಲ್ಲಿ ವಿಷಯ ನೋಡ್ಕೊಂಡು ಬಂದು ಹೇಳ್ತೀನಿ." ಅದು 'ನಾನು ಕಂಡ ಸಮುದ್ರ', ಮೂರು ವರ್ಷದ್ದೂ ಸೇರಿಸಿ.

ಮರುದಿನ ಬೆಳಿಗ್ಗೆ ಪಾಸ್‌ವರ್ಡಪ್ಪ ಒಂಬತ್ತಕ್ಕೇ ಬಂದು ತನ್ನ ಕುರ್ಚಿಯಲ್ಲಿ ಕೂತ. ಹೊಸ ಖಾತೆಗೆ ಅರ್ಜಿ ಬರೆದು ಕೊಟ್ಟ. ಮೂರು ದಿನ ಎಂದರು. ಫೋನು ಒಮ್ಮೆಯೂ ಹೊಡೆದುಕೊಳ್ಳಲಿಲ್ಲ. ಎಲ್ಲರೂ ತಮ್ಮ ತಮ್ಮ ಗುರುತಿನಲ್ಲಿ ಒಳಗೆ ಹೋಗಿ ತಮಗೆ ಬೇಕಾದ್ದನ್ನು ತಾವೇ ನೋಡಿಕೊಳ್ಳುತ್ತಿದ್ದರು. ಎಂಟು ಲಾರಿಗಳೂ ಹೊತ್ತಿಗೆ ಸರಿಯಾಗಿ ಹೊರಟಿದ್ದವು. ಅವನು ಮಾಡಬೇಕಾದ ಕೆಲಸ ಒಂದೂ ಇರಲಿಲ್ಲ. ರಜೆಯಲ್ಲಿ ಇರದಿದ್ದರೆ ಸಾಕಿತ್ತು.

ಹನ್ನೊಂದರ ಹೊತ್ತಿಗೆ ಸಾಹೇಬರು ಇಣುಕಿದರು. ಅವನು ಕೆನ್ನೆಗೆ ಕೈ ಕೊಟ್ಟು ಮಗಳ ನೋಟ್‌ಬುಕ್ ಓದುತ್ತಿದ್ದ. ಸಮುದ್ರದ ನಲ್ಲಿ ಆಗಷ್ಟೇ ಬಂದಿತ್ತು.

"ನೋಡಿದ್ರಾ," ಎಂದರು ಸಾಹೇಬರು ತೃಪ್ತಿಯಿಂದ. "ನೀವಿಲ್ದೇನೂ ಆಫೀಸು ಎಷ್ಟು ಚೆನ್ನಾಗಿ ನಡೀತಿದೆ."